ಬಿದ್ದ ಗೋಡೆಯ ಮಣ್ಣು

ಸಮುದ್ರವನ್ನೇ ಕಾಣದ ಊರಿಗೂ ಚಂಡಮಾರುತ ಬರುತ್ತದೆ ಎಂದು ನನಗೆ ತಿಳಿದದ್ದು ಆ ದಸರಾ ರಜೆಯಲ್ಲಿ. ಎಲ್ಲೋ ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿ ಪಾವಗಡದ ಕಡೆ ಬಿಡದ ಸೋನೆಯಾಗಿ ಹಿಡಿದುಕೊಂಡಿತು. ಮಳೆ ಮಳೆ ಎಂದು ಬಾಯಿ ಬಿಡುವ ಸೀಮೆ. ಬಂದದ್ದು ನೋಡಿ ಹೀಗೆ. ನಾಗಲಮಡಿಕೆಯಿಂದಾಚೆಯ ಒಂದು ಹಳ್ಳಿಯಲ್ಲಿ, ಮಳೆ ನಿಂತು ಬಿಸಿಲು ಬಿದ್ದ ಮಧ್ಯಾಹ್ನ, ನೆನೆದಿದ್ದ ಮಣ್ಣುಗೋಡೆ ಉಂಡು ಮಲಗಿದ್ದವನ ಮೇಲೆ ಕುಸಿದು ಪ್ರಾಣ ತೆಗೆಯಿತು.

ನಾನು ಕೊರಟಗೆರೆ ಹತ್ತಿರದ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಮ್ಮ ಮಹಿಳಾ ಸಂಘದ ಒಬ್ಬಳ ತಂಗಿಯನ್ನು ಪಾವಗಡಕ್ಕೆ ಕೊಟ್ಟಿದ್ದರು. ಸುದ್ದಿ ಅವಳಿಂದ ಬಂತು. ಶಾಲೆಗೆ ರಜೆ, ನಮ್ಮ ಕೈಯಲ್ಲಿ ಕಸುವು. ಮನೆಯಲ್ಲಿ ಕೂತು ಅಯ್ಯೋ ಪಾಪ ಅನ್ನುವುದಕ್ಕೆ ನನಗೆ ಬರುವುದಿಲ್ಲ. ಗಾರೆ ಕೆಲಸದ ನನ್ನ ಗಂಡನನ್ನೂ ಹೊರಡಿಸಿಕೊಂಡು ನಾವೊಂದಷ್ಟು ಹೆಂಗಸರು ಬಸ್ಸು ಹತ್ತಿದೆವು. ರಾತ್ರಿ ಆ ತಂಗಿಯ ಮನೆಯಲ್ಲಿ, ಹಗಲು ಹಳ್ಳಿಯಲ್ಲಿ.

ಸತ್ತವನ ಹೆಂಡತಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಒಬ್ಬಳೇ ಮಗಳು, ಐದನೇ ಕ್ಲಾಸು. ಪಕ್ಕದಲ್ಲೇ ಭಾವನ ಮನೆ, ಗಂಡನ ಅಣ್ಣನದು. ಆದರೆ ಅವನ ಸಂಸಾರಕ್ಕೇ ಅದರಲ್ಲಿ ಕಾಲು ಚಾಚಲು ಜಾಗವಿಲ್ಲ. ತಾಯಿ ಮಗಳು ಅವನ ಜಗಲಿಗೆ ಗೋಣಿಚೀಲ ಮರೆ ಕಟ್ಟಿಕೊಂಡು ಮಲಗುತ್ತಿದ್ದರು. ಥಂಡಿಗೆ ಹುಡುಗಿಯ ಎದೆ ಗೊರಗೊರ ಅನ್ನುತ್ತಿತ್ತು.

"ನಂಗೆ ಬೇರೆ ಏನೂ ಬ್ಯಾಡಕ್ಕಾ. ಇವಳ್ನ ಒಳಗೆ ಮಲಗುಸ್ಬೇಕು, ಅಷ್ಟೇಯ" ಅಂದಳು.

ಗೋಡೆ ಮತ್ತೆ ಎತ್ತಲು ಮಣ್ಣಿಗೆ ಎಲ್ಲಿಗೆ ಹೋಗುವುದೆಂದು ನಾನು ಸುತ್ತ ನೋಡಿದೆ. ನನ್ನ ಗಂಡ ಬಿದ್ದ ಗುಡ್ಡೆಯನ್ನೇ ತೋರಿಸಿ, ಹಳೇ ಗೋಡೆಯ ಮಣ್ಣು ಬೇಗ ಹದ ಬರುತ್ತದೆ ಎಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಥೂ, ಆಯಪ್ಪನ್ನ ತಿಂದ ಮಣ್ಣು ಕಣ್ರೀ ಅದು!"

ಸತ್ತವನ ಹೆಂಡತಿ ಸೀರೆ ಎತ್ತಿ ಕಟ್ಟಿ, ಗುಡ್ಡೆಯ ಮೇಲೆ ಕೊಡದ ನೀರು ಸುರಿದು, ಎಲ್ಲರಿಗಿಂತ ಮೊದಲು ತಾನೇ ಇಳಿದು ತುಳಿಯತೊಡಗಿದಳು. ಆಮೇಲೆ ನಾವು ಇಳಿದೆವು. ಹುಲ್ಲು ಉದುರಿಸಿ ತುಳಿದೆವು, ಉಂಡೆ ಕಟ್ಟಿ ಕೊಟ್ಟೆವು. ಹೆಂಗಸರು ನಾಲ್ಕು ಜನ ಸೇರಿದರೆ ಮಾತಿಗೆ ಬರವೇ? ಅಲ್ಲಿ ಇತ್ತು. ಕಾಲಡಿ ಪಚಪಚ ಅಂದಾಗಲೆಲ್ಲ ನಾನು ಕಾಲು ಕಿತ್ತು ಬೇರೆ ಕಡೆ ಇಡುತ್ತಿದ್ದೆ.

ರಜೆ ಮುಗಿಯುವ ಹೊತ್ತಿಗೆ ಗೋಡೆ ಎದ್ದಿತು. ಬಗ್ಗಿಹೋಗಿದ್ದ ಶೀಟುಗಳನ್ನು ಬಡಿದು ನೇರ ಮಾಡಿ ಹೊದಿಸಿದೆವು, ನೆಲ ಸಾರಿಸಿದೆವು. ಹುಡುಗಿ ಆಗಲೇ ಚಾಪೆ ಸುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಆಗ ಬಂದ ಭಾವ. ಬೆಳಿಗ್ಗೆ ಪಂಚಾಂಗ ನೋಡುವವರ ಹತ್ತಿರ ಹೋಗಿದ್ದನಂತೆ. ಕೈಯಲ್ಲಿ ಜಾಲಿಮುಳ್ಳಿನ ಕೊಂಬೆ.

"ತಮ್ಮ ಸತ್ತೋದ ನಕ್ಷತ್ರ ಸರಿಯಿಲ್ವಂತೆ. ಬಾಗ್ಲಿಗೆ ಮುಳ್ಳು ಇಕ್ಕಿ ಮೂರು ತಿಂಗ್ಳು ಮನೆ ಬುಡ್ಬೇಕಂತೆ. ಒಳಗೆ ಯಾರಾನ ಮಲಗಿದ್ರೆ ಇನ್ನೊಂದು ಜೀವ ಓಯ್ತದಂತೆ."

ನನಗೆ ಪಿತ್ತ ನೆತ್ತಿಗೇರಿತು. "ಅಲ್ಲೀಗಂಟ ಈ ಮಗ ಕೆಮ್ಮಿ ಕೆಮ್ಮಿ ಸಾಯ್ಲಾ? ಮುಳ್ಳು ಇಕ್ಕಾಕೆ ಬಂದ್ಬುಟ್ಟೆ, ಅವತ್ತು ಗೋಡೆ ಬಿದ್ದಾಗ ಎಲ್ಲಿಗೆ ಓಗಿದ್ದಪ್ಪಾ?"

ಅವನು ಕೊಂಬೆ ಕೆಳಗಿಟ್ಟು ಎರಡೂ ಕೈ ಚಾಚಿದ. ಉಗುರುಗಳು ಅರ್ಧಕ್ಕೆ ಕಿತ್ತುಹೋಗಿದ್ದವು; ಉಳಿದದ್ದರ ಕೆಳಗೆ ರಕ್ತ ಕರ್ರಗೆ ಹೆಪ್ಪುಗಟ್ಟಿತ್ತು.

"ಗುದ್ಲಿ ಆಕಿದ್ರೆ ಅವನಿಗೆ ತಗಲ್ತದೆ ಅಂತ ಕೈಯಾಗೇ ತೋಡ್ದೆ ಕಣಮ್ಮ. ಬಾಯ್ತುಂಬ ಮಣ್ಣು ಇತ್ತು. ಈ ಕೂಸ್ನೂ ಅಂಗೇ ಎತ್ಲಾ ನಾನು?"

ಬೈಯಲು ಯಾರೂ ಸಿಗದ ಸಿಟ್ಟಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಆ ಪಂಚಾಂಗವನ್ನು ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಆ ಬೆರಳುಗಳ ಮುಂದೆ ನಿಂತು ಏನಂತ ಹೇಳುವುದು?

"ಏಮಿ ಚೇಸೇದಿ ದೇವುಡಾ" ಎಂದು ಹುಡುಗಿಯ ತಾಯಿ ತೆಲುಗಿನಲ್ಲಿ ಗೊಣಗಿಕೊಂಡಳು, ಏನು ಮಾಡಲಿ ದೇವರೇ ಎಂದು. ಮಗಳ ಕೈಯಿಂದ ಚಾಪೆ ಬಿಡಿಸಿ ಜಗಲಿಯ ಮೇಲೆ ಹಾಕಿ ಬಂದಳು. ಆ ಕೊಂಬೆಯನ್ನು ತಾನೇ ಎತ್ತಿದಳು.

"ಲೇ, ನೀನ್ಯಾಕೆ ಇಕ್ತೀಯೆ?" ಅಂದೆ.

"ದೊಡ್ಡಪ್ಪ ಇಕ್ಕಿದ್ರೆ ಇವಳು ದಾಟ್ಕೊಂಡು ಓಗ್ತಾಳೆ ಅಕ್ಕಾ. ನಾನು ಇಕ್ಕಿದ್ರೆ ಓಗಾಕಿಲ್ಲ."

ಬಾಗಿಲಿಗೆ ಅಡ್ಡಲಾಗಿ ಇಟ್ಟಳು. ಹುಡುಗಿ ಅಳಲೂ ಇಲ್ಲ.

ಕಾಲು ತೊಳೆದುಕೊಂಡು ನಾವು ಬಸ್ಸಿಗೆ ಹೊರಟಾಗಲೂ ಆ ತಾಯಿ ಬಾಗಿಲ ಬಳಿಯೇ ಇದ್ದಳು. ಮುಳ್ಳಿನ ಸಂದಿಯಲ್ಲಿ ಕೈ ತೂರಿಸಿ ಸ್ವಲ್ಪ ಹೊತ್ತು ಹಾಗೇ ಒಳಗಿಟ್ಟುಕೊಂಡಳು. ಎಳೆದುಕೊಂಡಾಗ ಮೊಣಕೈವರೆಗೂ ಗೀರು.

"ಒಳಗೆ ಬೆಚ್ಚಗೈತೆ ಅಕ್ಕಾ" ಅಂದಳು.