ಮೊದಲು ಬಾಯಿ ಬಿಟ್ಟವರು

ಕೂದಲಿನ ವ್ಯಾಪಾರ ಎಂದರೆ ಹೊರಗಿನವರು ನಗುತ್ತಾರೆ. ನಮ್ಮ ಕೊಪ್ಪಳದ ಕಡೆ ಯಾರೂ ನಗುವುದಿಲ್ಲ. ಹೆಂಗಸರು ತಲೆ ಬಾಚಿದಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರಲ್ಲ, ಅದನ್ನು ಊರೂರು ತಿರುಗಿ, ಸ್ಟೀಲ್ ಬಟ್ಟಲು ಕೊಟ್ಟು ತರುವವರಿದ್ದಾರೆ. ಆ ಸಿಕ್ಕಿನ ಉಂಡೆಗಳು ನಮ್ಮ ಕೈಗೆ ಬರುತ್ತವೆ. ದಬ್ಬಣದಿಂದ ಎಳೆ ಎಳೆಯಾಗಿ ಬಿಡಿಸಿ, ತೊಳೆದು, ಮೊಳೆ ಹೊಡೆದ ಹಲಗೆಯ ಮೇಲೆ ಬಾಚಿ, ಉದ್ದ ನೋಡಿ ಕಟ್ಟು ಕಟ್ಟಿದರೆ ಅದು ಹೊರದೇಶದಲ್ಲಿ ಯಾರದೋ ತಲೆಯ ಮೇಲೆ ಕೂರುತ್ತದೆ. ಮದುವೆಯಾಗಿ ಯಲಬುರ್ಗಾದಿಂದ ಬಂದಾಗ ನಾನೂ ದಬ್ಬಣ ಹಿಡಿದು ಕೂಲಿ ಮಾಡಿದವಳೇ. ಈಗ ನನ್ನದೇ ಒಂದು ಶೆಡ್ಡಿದೆ, ಇಪ್ಪತ್ತು ಮಂದಿ ಹೆಂಗಸರು ಅಲ್ಲಿ ದುಡಿಯುತ್ತಾರೆ. ಇಂಗ್ಲಿಷ್ ನನಗೆ ಎಸೆಸೆಲ್ಸಿಯಲ್ಲೇ ಕೈಕೊಟ್ಟಿತ್ತು. ಎರಡನೇ ಸಲ ಕಟ್ಟಿ ಪಾಸು ಮಾಡಿಕೊಂಡಿದ್ದೆ, ಅಷ್ಟೇ.

ಚೌಕಾಶಿಯನ್ನು ಮಾತ್ರ ಯಾವ ಸಾಲಿಯಲ್ಲೂ ಕಲಿಯಲಿಲ್ಲ. ಅಪ್ಪ ಕುಷ್ಟಗಿಯ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವ ಕಾಲದವನು. ಅವನಿಂದ ನನಗೆ ಬಂದ ಆಸ್ತಿ ಎಂದರೆ ಮೂರು ಮಾತು. ಮೊದಲು ಬಾಯಿ ಬಿಟ್ಟವರು ಸೋತರು. ಬೇಕಾದ ಸರಕನ್ನು ಎದುರಿಗೆ ಹೊಗಳಬಾರದು. ಕುದುರದಿದ್ದರೆ ಎದ್ದು ಹೊರಡಬೇಕು, ಆದರೆ ನಿಧಾನ ಹೆಜ್ಜೆಯಲ್ಲಿ, ಹಿಂದಿನಿಂದ ಕರೆದರೆ ಕೇಳಿಸುವಷ್ಟು ದೂರದಲ್ಲಿ. ಓದುವವರು ಬೇಕಾದರೆ ಬರೆದಿಟ್ಟುಕೊಳ್ಳಿ. ತರಕಾರಿಯಿಂದ ಹಿಡಿದು ಸೈಟಿನವರೆಗೆ ಕೆಲಸಕ್ಕೆ ಬರುತ್ತವೆ. ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಕಲಿಯಲು ನಾನು ಪರೀಕ್ಷೆಯೊಂದನ್ನೇ ಕಟ್ಟಬೇಕಾಯಿತು.

ನನ್ನ ಮಾಲು ಒಬ್ಬ ರಫ್ತುದಾರರ ಮೂಲಕ ಹೋಗುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಮುಂಚೆ, ಹೊರದೇಶದ ಖರೀದಿದಾರ ವಿಡಿಯೋ ಕಾಲಿನಲ್ಲಿ ಬಂದು ಮುಂದಿನ ವರ್ಷದ ದರ ಮಾತಾಡುತ್ತಾನೆ. ನಮ್ಮ ಪರವಾಗಿ ಇಂಗ್ಲಿಷ್ ಮಾತಾಡಲು ರಫ್ತುದಾರರ ಆಫೀಸಿನವನೊಬ್ಬ ಇರುತ್ತಾನೆ. ಹಿಂದಿನ ವರ್ಷ ನಾನು ಅವನ ಹೆಗಲ ಹಿಂದೆ ನಿಂತು ನೋಡಿದ್ದೆ. ಖರೀದಿದಾರ ನನ್ನದೇ ಒಂದು ಕಟ್ಟನ್ನು ಕ್ಯಾಮೆರಾಕ್ಕೆ ಹಿಡಿದು, ತುದಿ ಮುಟ್ಟಿ, ಬುಡ ಮುಟ್ಟಿ, ಸ್ಕೇಲು ಇಟ್ಟು, ಐದು ನಿಮಿಷ ಬಿಡದೆ ಮಾತಾಡಿದ.

"ಏನಂದನ್ರಿ ಅಂವ?" ಎಂದೆ.

"ಮಾಲು ಸುಮಾರು ಐತಿ ಅಂತಾನ್ರಿ," ಎಂದ ಆಫೀಸಿನವನು.

"ಇಷ್ಟ್ ಹೊತ್ತು ಅಷ್ಟs ಅಂದ್ನೇನ್ರಿ? ಅವರ ಭಾಷಾದಾಗ ಸುಮಾರು ಅನ್ನಾಕ ಐದು ನಿಮಿಷ ಬೇಕೇನು?"

ಅವನು ನಕ್ಕ. ದರ ಆ ವರ್ಷವೂ ಏರಲಿಲ್ಲ. ಐದು ನಿಮಿಷದ ಮಾತಿನಲ್ಲಿ ಏನಿತ್ತು ಎಂಬುದು ನನಗೆ ಗೊತ್ತಾಗಲಿಲ್ಲ. ನನ್ನ ಮಾಲಿನ ಬಗ್ಗೆ ನನಗೇ ಗೊತ್ತಿರದ ಸಂಗತಿಯೊಂದು ಆ ಮೇಜಿನ ಮೇಲೆ ಉಳಿದುಹೋಯಿತು. ಮುಂದಿನ ಸಲ ಮಾತಿಗೆ ನನ್ನನ್ನೇ ಕೂರಿಸಿ ಎಂದು ರಫ್ತುದಾರರನ್ನು ಕೇಳಿದೆ. ಅವರು ಒಳ್ಳೆಯವರು, ಆದರೆ ವ್ಯಾಪಾರಿ.

"ಅಕ್ಕಾರ, ಹಂಗ ಯಾರ್ನರೆ ಕುಂದ್ರಸಾಕ ಬರಂಗಿಲ್ರಿ. ವ್ಯವಹಾರದ ಇಂಗ್ಲಿಷಿಗೆ ಅಂತs ಒಂದು ಪರೀಕ್ಷಾ ಐತಿ. ಅದರ ಸರ್ಟಿಫಿಕೇಟ್ ತೊಗೊಂಡ್ ಬರ್ರಿ, ದೀಪಾವಳಿ ವಿಡಿಯೋ ಕಾಲಿನ್ಯಾಗ ಕುರ್ಚಿ ನಿಮ್ದು."

ನಾನು ಪಾಸಾಗುವುದಿಲ್ಲ ಎಂಬ ಧೈರ್ಯದ ಮೇಲೆ ಆಡಿದ ಮಾತದು. ಆದರೂ ಮಾತು ಮಾತೇ. ಅವರ ಗುಮಾಸ್ತನ ಎದುರೇ ಇನ್ನೊಮ್ಮೆ ಹೇಳಿಸಿಕೊಂಡು ಎದ್ದು ಬಂದೆ.

ಆ ಪರೀಕ್ಷೆಯನ್ನು ತಾನೇ ಬರೆದು ಪಾಸಾಗಿದ್ದ ಟೀಚರೊಬ್ಬಳು ಗಂಗಾವತಿಯಲ್ಲಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ವಾರಕ್ಕೆರಡು ದಿನ ಕೊಪ್ಪಳದಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಕಿವಿಗೆ ವೈರು ಸಿಕ್ಕಿಸಿಕೊಂಡು, ಯಾವುದೋ ಕಂಪನಿಯ ಇಬ್ಬರು ಮೀಟಿಂಗನ್ನು ಮಂಗಳವಾರದಿಂದ ಗುರುವಾರಕ್ಕೆ ಮುಂದೂಡುವುದನ್ನು ಕೇಳುತ್ತಿದ್ದೆ. ಪಕ್ಕದಲ್ಲಿ ಕೂತವರು ಹಾಡು ಕೇಳುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. ಓದುವುದು, ಕೇಳುವುದು ಅಭ್ಯಾಸದಿಂದ ಬಂತು. ಪತ್ರ ಬರೆಯುವುದು ತುಸು ಕಷ್ಟವಾಯಿತು. ನಮ್ಮಲ್ಲಿ ಮೊದಲು ಚಹಾ, ಆಮೇಲೆ ಮಳೆ ಬೆಳೆ, ಮಕ್ಕಳು ಮರಿ, ಎದ್ದೇಳುವ ಹೊತ್ತಿಗೆ ಬಂದ ಕೆಲಸ. ಅಲ್ಲಿ ಮೊದಲ ಸಾಲಿನಲ್ಲೇ ಬಂದ ಕೆಲಸ ಹೇಳಿಬಿಡಬೇಕು. ಕಲಿಯುವವರಿಗೆ ನನ್ನ ಸಲಹೆ ಇಷ್ಟೇ: ಫೋನಿನಲ್ಲಿ ಟ್ರಂಕ್ ಕಾಲ್ ಮಾಡಿದವರ ಹಾಗೆ ಬರೆಯಿರಿ, ಗಡಿಯಾರ ಓಡುತ್ತಿದೆ ಎಂದುಕೊಂಡು.

ನನ್ನ ಜೊತೆ ಕಲಿಯಲು ಬರುತ್ತಿದ್ದವರು ಶ್ರೀರಾಮನಗರದ ಅಕ್ಕಿ ಗಿರಣಿಯೊಂದರ ಮ್ಯಾನೇಜರು. ಐವತ್ತು ದಾಟಿದ ಮೃದು ಮನುಷ್ಯ, ಜೇಬಿನಲ್ಲಿ ಯಾವಾಗಲೂ ನಾಲ್ಕು ಕಾಳು ಅಕ್ಕಿ. ಮಾತಾಡುವ ಪರೀಕ್ಷೆಗೆ ಇಬ್ಬರನ್ನು ಜೋಡಿಯಾಗಿ ಕೂರಿಸುತ್ತಾರೆ. ಒಂದು ವಿಷಯ ಕೊಟ್ಟು ಇಬ್ಬರೂ ಮಾತಾಡಿ ಒಂದು ತೀರ್ಮಾನಕ್ಕೆ ಬನ್ನಿ ಎನ್ನುತ್ತಾರೆ. ಟೀಚರ್ ಒಂದು ದಿನ ನಮ್ಮಿಬ್ಬರನ್ನೂ ಹಾಗೆ ಎದುರುಬದುರು ಕೂರಿಸಿ ಗಡಿಯಾರ ಇಟ್ಟಳು. ವಿಷಯ: ನಿಮ್ಮ ಕಂಪನಿ ಹೊಸ ಕಟ್ಟಡಕ್ಕೆ ಹೋಗಬೇಕೋ, ಹಳೆಯದನ್ನೇ ರಿಪೇರಿ ಮಾಡಿಸಬೇಕೋ.

ನಾನು ಸುಮ್ಮನೆ ಕೂತೆ. ಮ್ಯಾನೇಜರು ನನ್ನನ್ನು ನೋಡಿದರು. ನಾನು ಗೋಡೆ ನೋಡಿದೆ. ತಡೆಯಲಾರದೆ ಅವರೇ ಶುರು ಮಾಡಿದರು. ಹೊಸ ಕಟ್ಟಡಕ್ಕೆ ಹೋಗುವುದೇ ಒಳ್ಳೆಯದು, ಜಾಗ ದೊಡ್ಡದು, ಲಾರಿ ನಿಲ್ಲಿಸಬಹುದು ಎಂದು ಪಾಪ ಚೆಂದವಾಗಿಯೇ ಇಂಗ್ಲಿಷಿನಲ್ಲಿ ಹೇಳಿದರು. "ನೋ. ಬ್ಯಾಡ್ ಬಿಲ್ಡಿಂಗ್," ಎಂದು ನಾನು ಮತ್ತೆ ಸುಮ್ಮನಾದೆ. ಅವರು ಇನ್ನೆರಡು ಕಾರಣ ಕೊಟ್ಟರು. ನಾನು ಬ್ಯಾಗು ತೆಗೆದುಕೊಂಡು, ಎದ್ದು, ಬಾಗಿಲ ಕಡೆ ನಿಧಾನವಾಗಿ ನಡೆದೆ.

ಬೇಕೆಂದು ಮಾಡಿದ್ದಲ್ಲ. ಎದುರಿಗೊಬ್ಬರು ಕೂತು ಒಂದು ಮಾತಿಗೆ ಬರಬೇಕು ಎಂದರೆ ನನ್ನ ಕಾಲಿಗೆ ಗೊತ್ತಿದ್ದ ದಾರಿ ಅದೊಂದೇ. ಆದರೆ ಮಜಾ ಇರುವುದು ಮುಂದೆ. ಮ್ಯಾನೇಜರೂ ಬಜಾರಿನಲ್ಲೇ ಬೆಳೆದವರು. ಬಾಗಿಲು ಮುಟ್ಟುವ ಮೊದಲೇ ಹಿಂದಿನಿಂದ ಕೂಗಿದರು.

"ಬರ್ರೀ ಅಕ್ಕಾರ, ಬರ್ರಿ, ಕುಂದರ್ರಿ! ಆತ್ ಬಿಡ್ರಿ, ಹಳೇ ಕಟ್ಟಡಾನs ಇರವಲ್ದ್ಯಾಕ!"

ನಾನು ತಿರುಗಿ ಬಂದು ಗಂಭೀರವಾಗಿ ಕೂತೆ. ಟೀಚರ್ ಹಣೆಗೆ ಕೈ ಹಚ್ಚಿದ್ದಳು.

"ಇಬ್ರೂ ಫೇಲ್. ಒಬ್ರು ಎದ್ದು ಹೊಂಟ್ರಿ, ಇನ್ನೊಬ್ರು ಕರದು ಸೋತ್ರಿ. ಇದೇನು ಎತ್ತಿನ ಸಂತೀ ಏನ್ರಿ ಅಕ್ಕಾರ?"

"ನಾ ಏನ್ ಮಾಡ್ಲಿ ಮೇಡಂ," ಎಂದರು ಮ್ಯಾನೇಜರು, "ಗಿರಾಕಿ ಹೊಂಟಿದ್ದು ನೋಡಿದ್ರ ನಂಗ ಕುಂದ್ರಾಕ ಆಗಂಗಿಲ್ಲ."

"ಇಲ್ಲೆ ಗಿರಾಕಿ ಯಾರೂ ಇಲ್ರಿ. ಗೆಲ್ಲೋದೂ ಇಲ್ಲ. ಅವರ ಮಾತು ಬಾಯಿಂದ ಹೊರಗ ಬರೂ ಹಂಗ ಮಾಡಿದ್ರ ನಿಮಗ ಮಾರ್ಕ್ಸು, ನಿಮ್ಮ ಮಾತು ಬರೂ ಹಂಗ ಮಾಡಿದ್ರ ಅವರಿಗೆ. ಅಕ್ಕಾರ, ನೀವು ಒಂದು ಕೆಲಸ ಮಾಡ್ರಿ. ಮೊದಲು ನೀವs ಶುರು ಮಾಡ್ರಿ. ಎರಡು ಮಾತು ಆಡೂದು, ಎದುರಿನವರಿಗೆ 'ವಾಟ್ ಡು ಯು ಥಿಂಕ್?' ಅಂತ ಕೇಳೂದು. ಮತ್ತ ಎರಡು ಮಾತು, ಮತ್ತ ಕೇಳೂದು."

ನನಗೆ ಅದು ನನ್ನ ತಕ್ಕಡಿಯನ್ನು ಎದುರಿನವನ ಕೈಗೆ ಕೊಟ್ಟ ಹಾಗೆ ಕಂಡಿತು. ಆದರೆ ಮಾರ್ಕ್ಸು ಕೊಡುವವರು ಅವರು. ಯಾವ ಪೇಟೆಗೆ ಹೋದರೂ ಆ ಪೇಟೆಯ ತೂಕವನ್ನೇ ಹಿಡಿಯಬೇಕು.

ರೂಢಿಯಾಗಲಿ ಎಂದು ಶೆಡ್ಡಿನಲ್ಲೂ ಶುರು ಮಾಡಿದೆ. ಕಟ್ಟು ಕಟ್ಟುತ್ತಿದ್ದವರ ಮುಂದೆ ನಿಂತು "ವಾಟ್ ಡು ಯು ಥಿಂಕ್?" ಎಂದರೆ ಒಬ್ಬಳು, "ನಾವೇನ್ ಥಿಂಕ್ ಮಾಡೂದ್ರಿ ಅಕ್ಕಾರ, ನಮ್ದೇನಿದ್ರೂ ದಬ್ಬಣಾನs ಮಾಡತೈತಿ," ಎಂದು ಎಲ್ಲರನ್ನೂ ನಗಿಸಿದಳು. ಹೀಗೇ ಕೆಲವು ದಿನ ನಡೆಯಿತು. ಆಮೇಲೆ ಎಲ್ಲರಿಗಿಂತ ಹಳಬಳಾದ ಹೆಂಗಸೊಬ್ಬಳು ನಗದೆ ಉತ್ತರ ಕೊಟ್ಟಳು.

"ಕೇಳ್ತೀರಿ ಅಂತ ಹೇಳ್ತೀನ್ರಿ. ಸಂಜೀಮುಂದ ಕಟ್ಟೂ ಕಟ್ಟು ಸರಿ ಬರವಲ್ವು. ಆ ಮೂಲ್ಯಾಗ ಬೆಳಕಿಲ್ಲ. ಹದಿನಾಲ್ಕಿಂಚು, ಹದಿನಾರಿಂಚು ಒಂದರಾಗೊಂದು ಕಲತು ಹೊಕ್ಕಾವು."

"ಇಷ್ಟ್ ದಿನ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರ್ಯಾ?"

ಆ ಮೂಲೆಗೆ ಎರಡು ಟ್ಯೂಬ್‌ಲೈಟು ಹಾಕಿಸಿದೆ. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ.

ಪರೀಕ್ಷೆ ಬೆಂಗಳೂರಿನಲ್ಲಿ. ಜೋಡಿಯಾಗಿ ಸಿಕ್ಕವನು ಟೈ ಕಟ್ಟಿದ ಎತ್ತರದ ಯುವಕ. ಇವನ ಇಂಗ್ಲಿಷಿನ ಮುಂದೆ ನನ್ನದೇನು ಉಳಿಯುತ್ತದೆ ಎಂದುಕೊಂಡೆ. ವಿಷಯ ಕೊಟ್ಟರು, ಹೊಸ ನೌಕರರಿಗೆ ತರಬೇತಿ ಹೇಗೆ ಕೊಡಬೇಕು ಎಂದು. ಅವನು ಬಾಯಿ ತೆರೆಯಲಿಲ್ಲ. ನೋಡಿದರೆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದ. ಸಂತೆಯಲ್ಲಿ ಎದುರಿನವನು ಹೀಗೆ ಹೆದರಿದ್ದು ಕಂಡರೆ ಅಪ್ಪ ಇನ್ನಷ್ಟು ಸುಮ್ಮನಿರುತ್ತಿದ್ದ. ನಾನೂ ಗೋಡೆಯ ಕಡೆ ಕಣ್ಣು ತಿರುಗಿಸಿದೆ. ಆಗ, ಇಬ್ಬರೂ ಫೇಲ್ ಎಂದಿದ್ದ ಟೀಚರ ಮುಖ ಎದುರಿಗೆ ಬಂತು. ಮೊದಲು ನಾನೇ ಬಾಯಿ ಬಿಟ್ಟೆ. ನನ್ನ ಶೆಡ್ಡಿಗೆ ಹೊಸಬರು ಬಂದರೆ ಹಳಬರ ಪಕ್ಕ ಕೂರಿಸುತ್ತೇನೆ, ನೋಡಿ ಕಲಿಯುತ್ತಾರೆ ಎಂದೆ. ಆಮೇಲೆ ಅವನ ಕಡೆ ತಿರುಗಿ, "ವಾಟ್ ಡು ಯು ಥಿಂಕ್?" ಎಂದೆ. ಅವನಿಗೆ ಉಸಿರು ಬಂತು. ಮುಂದೆ ಅವನು ಮಾತಾಡಿದ್ದೇ ಮಾತಾಡಿದ್ದು. ನಡುವೆ ಒಂದು ಕಡೆ ಅವನು ಒಪ್ಪದಿದ್ದಾಗ ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಸೆರಗು ಸರಿಮಾಡಿಕೊಂಡಂತೆ ಮಾಡಿ ಕೂತುಬಿಟ್ಟೆ.

ಪಾಸಾಯಿತು. ದೊಡ್ಡ ದರ್ಜೆಯೇನಲ್ಲ. ಕುರ್ಚಿಗೆ ಅಷ್ಟು ಸಾಕಿತ್ತು.

ದೀಪಾವಳಿಗೆ ಮುಂಚಿನ ಆ ವಿಡಿಯೋ ಕಾಲಿಗೆ ನಾನು ಕ್ಯಾಮೆರಾ ಎದುರು ಕೂತೆ. ರಫ್ತುದಾರರು ಎಡಕ್ಕೆ, ಆಫೀಸಿನವನು ಅವರ ಹಿಂದೆ. ಖರೀದಿದಾರ ಮತ್ತೆ ಒಂದು ಕಟ್ಟು ಹಿಡಿದ, ಮತ್ತೆ ಸ್ಕೇಲು ಇಟ್ಟ, ಮತ್ತೆ ಉದ್ದಕ್ಕೆ ಮಾತಾಡಿದ. ಈ ಸಲ ಕೇಳಿಸಿತು. ಕೆಲವು ಪದ ತಪ್ಪಿದರೂ ಮಾತು ತಪ್ಪಲಿಲ್ಲ. ಹಿಂದಿನ ವರ್ಷ ನಿಮ್ಮ ಕಟ್ಟುಗಳಲ್ಲಿ ಎರಡು ಉದ್ದ ಕಲೆತಿದ್ದವು, ಅದಕ್ಕೇ ದರ ಏರಿಸಲಿಲ್ಲ, ಹೇಳಿ ಕಳಿಸಿದ್ದೆನಲ್ಲ, ಈ ಸಲ ಸರಿಯಾಗಿವೆ, ಏನು ಮಾಡಿದಿರಿ ಎಂದು ಕೇಳುತ್ತಿದ್ದ. ಆಫೀಸಿನವನ ಕಡೆ ನೋಡಿದೆ. ಅವನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದ.

"ಲೈಟ್. ಟೂ ಲೈಟ್ಸ್," ಎಂದೆ. ಖರೀದಿದಾರ ನಕ್ಕ.

ಆಮೇಲೆ ದರದ ಮಾತು. ಅವನು ಸುಮ್ಮನಾದ. ನಾನೂ ಸುಮ್ಮನಾದೆ. ಅವನು ತನ್ನ ಗೋಡೆ ನೋಡಿದ, ನಾನು ನನ್ನ ಗೋಡೆ ನೋಡಿದೆ. ಎಲ್ಲಿಯ ಬಜಾರಿನವನೋ, ಅವನಪ್ಪನೂ ಅವನಿಗೆ ಅದೇ ಮಾತು ಹೇಳಿಕೊಟ್ಟಿರಬೇಕು.

"ನೆಟ್ ಹೋತೇನಲೇ?" ಎಂದು ರಫ್ತುದಾರರು ಆಫೀಸಿನವನನ್ನು ತಿವಿದರು. "ಅಕ್ಕಾರ, ಏನರೆ ಮಾತಾಡ್ರಿ, ಕಟ್ ಆದೀತು!"

ಮಾತಾಡಿದರೆ ಅಪ್ಪನ ಲೆಕ್ಕದಲ್ಲಿ ಸೋಲು, ಮಾತಾಡದಿದ್ದರೆ ಟೀಚರ ಲೆಕ್ಕದಲ್ಲಿ ಫೇಲ್. ನಾನು ತುಸು ಮುಂದೆ ಬಾಗಿ, ಯಾವ ದರವನ್ನೂ ಹೇಳದೆ, ಗಂಗಾವತಿಯಲ್ಲಿ ಕಲಿತ ಹಾಗೆಯೇ ಕೇಳಿದೆ.

"ವಾಟ್ ಡು ಯು ಥಿಂಕ್?"

ದರ ಅವನ ಬಾಯಿಂದಲೇ ಬಂತು. ಹಿಂದಿನದಕ್ಕಿಂತ ಮೇಲಿತ್ತು. ನಾನು ಹೊಗಳಲಿಲ್ಲ, ಎದ್ದೂ ಹೋಗಲಿಲ್ಲ. ಇನ್ನೆರಡು ಮಾತು ಆಡಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದೆ.