ಕುಣಿಗಲ್ ಬಸ್ಸಿನಲ್ಲಿ ಅಣ್ಣನ ಉಸಿರು

ಮಾಘದ ಚಳಿಯಲ್ಲಿ, ಗುಬ್ಬಿಯಿಂದ ಮೊದಲ ಬಸ್ಸಿಗೇ ಅಣ್ಣ ಸಿದ್ದಪ್ಪನನ್ನು ಕರೆದುಕೊಂಡು ಹೊರಟೆ. ಅಣ್ಣನದು ಹಿಟ್ಟಿನ ಗಿರಣಿ. ವರ್ಷಗಟ್ಟಲೆ ಹಿಟ್ಟಿನ ಧೂಳು ಕುಡಿದು ಎದೆಯಲ್ಲಿ ಉಬ್ಬಸ ಕೂತಿತ್ತು. ತುಮಕೂರಿನ ಡಾಕ್ಟರಿಗೆ ತೋರಿಸಿ, ಕುಣಿಗಲ್ಲಿನಲ್ಲಿದ್ದ ಅವನ ಮಗಳು ಜಯಮ್ಮನ ಮನೆಗೆ ಬಿಡಬೇಕು, ಮತ್ತೆ ಗಿರಣಿಯ ಮುಖ ನೋಡಲು ಬಿಡಬಾರದು ಎಂಬುದು ನನ್ನ ಹಟ.

ತುಮಕೂರಿನ ಡಾಕ್ಟರು, "ಗಿರಣಿ ಬಿಡ್ಬೇಕು ಯಜಮಾನ್ರೇ" ಎಂದರು. ಆಮೇಲೆ ಹೊಸದಾಗಿ ಬಂದಿದ್ದ ಪ್ಲಾಸ್ಟಿಕ್ ಕೊಳವೆಯೊಂದನ್ನು ತೋರಿಸಿದರು. ಪುಡಿ ತುಂಬಿದ ಕ್ಯಾಪ್ಸೂಲನ್ನು ಅದರಲ್ಲಿಟ್ಟು ತಿರುಗಿಸಿದರೆ ಎರಡು ಹೋಳಾಗುತ್ತದೆ; ಬಾಯಿಗಿಟ್ಟು ಜೋರಾಗಿ ಉಸಿರೆಳೆದರೆ ಪುಡಿ ನೇರ ಎದೆಗೆ. ಅವರು ಮುಗಿಸುವ ಮೊದಲೇ "ಗೊತ್ತಾಯ್ತು ಬುಡಿ ಸಾರ್" ಎಂದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟರೂ ತುಮಕೂರಿನ ಶಿರಾ ಗೇಟಿನಲ್ಲಿ ಸ್ವಂತ ವೆಲ್ಡಿಂಗ್ ಶಾಪ್ ಇಟ್ಟವನು ನಾನು. ಯಂತ್ರ ನನಗೆ ಹೊಸದಲ್ಲ.

ತಟ್ಟೆ ಇಡ್ಲಿ ತಿಂದು ಕುಣಿಗಲ್ ಬಸ್ಸು ಹತ್ತಿದೆವು. ಹೆಬ್ಬೂರು ದಾಟುತ್ತಲೇ ರಸ್ತೆಯ ಧೂಳು ಒಳಗೆ ನುಗ್ಗಿತು, ಅಣ್ಣನ ಎದೆ ಸೀಟಿ ಹೊಡೆಯತೊಡಗಿತು. ಕ್ಯಾಪ್ಸೂಲ್ ಹಾಕಿ ಕೊಟ್ಟೆ. ಅಣ್ಣ ಬಾಯಿಗಿಟ್ಟು "ಫೂ" ಎಂದು ಊದಿಬಿಟ್ಟ! ಗಿರಣಿಯವರ ಅಭ್ಯಾಸ ಅದು. ಲೋಟವಾಗಲಿ, ಬೀಡಿಯಾಗಲಿ, ಹಿಟ್ಟು ಊದದೆ ತುಟಿಗೆ ಮುಟ್ಟಿಸುವುದಿಲ್ಲ.

"ಏನ್ ಯಜಮಾನ್ರೇ, ಬಸ್ಸಲ್ಲೇ ಪೀಪಿ ಊದೋಕ್ ಶುರು ಮಾಡುದ್ರಾ?" ಎಂದ ಕಂಡಕ್ಟರ್. ಜನ ನಕ್ಕರು.

"ಊದ್ಬ್ಯಾಡ ಕಣಣ್ಣ, ಎಳ್ಕೋ!" ಎಂದು ಇನ್ನೊಂದು ಹಾಕಿದೆ. ಗಾಬರಿಯಲ್ಲಿ ಅದನ್ನೂ ಊದಿದ. ಮೂರನೆಯದನ್ನು ಎಳೆದ, ಆದರೆ ಅಷ್ಟು ಹೊತ್ತಿಗೆ ಎಳೆಯಲು ಉಸಿರೇ ಉಳಿದಿರಲಿಲ್ಲ. ಕೊಳವೆ ಬಿಚ್ಚಿ ನೋಡಿದರೆ ಪುಡಿ ಇದ್ದಲ್ಲೇ ಇತ್ತು. ಅಣ್ಣನ ತುಟಿ ಕಪ್ಪಿಟ್ಟಿತ್ತು. ನಗುತ್ತಿದ್ದ ಕಂಡಕ್ಟರೇ ಕೂಗಿದ: "ಡ್ರೈವರ್ರೇ, ಎಲ್ಲೂ ನಿಲ್ಲಿಸ್ಬ್ಯಾಡಿ, ಸೀದಾ ಆಸ್ಪತ್ರೆಗೆ ಹೊಡೀರಿ!"

ಕುಣಿಗಲ್ಲಿನಲ್ಲಿ ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಚುಚ್ಚಿದರು. ಜೀವ ಉಳಿಯಿತು. ಅಲ್ಲಿನ ಲೇಡಿ ಡಾಕ್ಟರು ಕೊಳವೆ ನೋಡಿ, "ಇದಕ್ಕೆ ನಿಮ್ಮ ಉಸಿರೇ ಮೋಟಾರು. ಉಸಿರಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತೆ. ಹಿಂಗೆ ಪೂರ್ತಿ ಕಟ್ಕೊಂಡಾಗ ಇದನ್ನೇ ನಂಬ್ಕೊಂಡು ಕೂರ್ಬೇಡಿ, ಓಡಿ ಬನ್ನಿ" ಎಂದರು.

ಎರಡು ದಿನದ ಮೇಲೆ, ಜಯಮ್ಮನ ಮನೆಯಲ್ಲಿ ಬೆಳಗ್ಗೆ ಅಣ್ಣನಿಗೆ ಸ್ವಲ್ಪ ಉಬ್ಬಸ ಬಂತು. ಈ ಸಲ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟು, ಆಮೇಲೆ ಕೊಳವೆ ಕಚ್ಚಿ ಎಳೆದ. ಒಳಗೆ ಕ್ಯಾಪ್ಸೂಲಿನ ಹೋಳುಗಳು ಗಲಗಲ ಎಂದವು. ಸ್ವಲ್ಪ ಹೊತ್ತಿನಲ್ಲೇ ಎದೆ ಹಗುರಾಗಿ, ಮುದ್ದೆ ಮುರಿಯುತ್ತ ಕೇಳಿದ: "ಇಷ್ಟೇ ತಾನೇ? ಇದಿದ್ರೆ ಗಿರಣಿ ಯಾಕ್ಲಾ ಬುಡ್ಲಿ?"

"ಅಪ್ಪಾ, ಡಾಕ್ಟ್ರಮ್ಮ ಹೇಳಿದ್ದು ಕೇಳುಸ್ಲಿಲ್ವಾ?" ಎಂದಳು ಜಯಮ್ಮ.

"ಕೇಳುಸ್ತು ಕಣೇ. ಅಳಿಯನ್ ಮನೇಲಿ ಕೂತ್ ತಿನ್ನಾಕೆ ನನ್ ಕೈಯೇನ್ ಬಿದ್ದೋಗಿಲ್ಲ."

ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಬಂದ ದಾರಿಯಲ್ಲೇ ತುಮಕೂರಿಗೆ ಮರಳಿದೆವು. ಗುಬ್ಬಿಯವರೆಗೆ ಬರುತ್ತೇನೆಂದರೆ, "ಹೋಗ್ಲಾ, ನಿನ್ ಕೆಲ್ಸ ನೋಡ್ಕೋ" ಎಂದು ಗದರಿ ಒಬ್ಬನೇ ಬಸ್ಸು ಹತ್ತಿದ. ಕಿಟಕಿಯಲ್ಲಿ ಕೂತು, ಎದೆ ತುಂಬ ಉಸಿರೆಳೆದು ತೋರಿಸಿ ನಕ್ಕ. ಬಸ್ಸು ಹೊರಟಿತು. ಗಿರಣಿಯಲ್ಲಿ ಅವನು ಒಬ್ಬನೇ ಇರುತ್ತಾನೆ. ಕಲ್ಲು ತಿರುಗುವಾಗ ಒಳಗಿನಿಂದ ಎಷ್ಟು ಕೂಗಿದರೂ ಬೀದಿಗೆ ಕೇಳಿಸುವುದಿಲ್ಲ.