ಊರು ತಿರುಗುವ ಗುಂಡುಕಲ್ಲು

ಎತ್ತುಗಳ ಗೊರಸಿಗೆ ಕಬ್ಬಿಣದ ನಾಲು ಬಡಿಯುವ ಹುಸೇನಪೀರ ಹುನಗುಂದದ ಸಂತೆಗೆ ಹೊರಟರೆ, ಎದುರಾದ ಎತ್ತುಗಳು ತಾವಾಗಿಯೇ ಮಲಗಿ ನಾಲ್ಕೂ ಕಾಲು ಮುಂದೆ ಚಾಚುತ್ತಿದ್ದವು. ಗಾಡಿಯೊಳಗಿನವರು ಉರುಳಿ ಬಿದ್ದರೆ ಅದು ಅವನ ತಪ್ಪಲ್ಲ. ನಾಲು ಹೊಟ್ಟೆಪಾಡಿಗೆ. ಜೀವವೆಲ್ಲ ಇದ್ದದ್ದು ನಮ್ಮೂರ ಗರಡಿಯಲ್ಲಿ. ಅಲ್ಲಿ ಅವನು ಉಸ್ತಾದ.

ಗರಡಿಗೆ ಒಂದು ಗುಂಡುಕಲ್ಲಿತ್ತು. ಕುಂಬಳಕಾಯಿಯಂತೆ ದುಂಡಗೆ, ಎಣ್ಣೆ ಕುಡಿದು ಕಪ್ಪಗೆ, ಬೆರಳಿಗೆ ಒಂದು ಸಂದೂ ಕೊಡದ ಕಲ್ಲು. ತೂಕ ಒಂದೂವರೆ ಕ್ವಿಂಟಲ್ ಎಂದು ಎತ್ತದವರು ಹೇಳುತ್ತಿದ್ದರು. ಎತ್ತಿದವರು ನಾಲ್ಕು ಎನ್ನುತ್ತಿದ್ದರು. ಹೆಗಲಿಗೇರಿಸಿದವನಿಗೆ ಒಂದು ಹಕ್ಕು: ಹೊತ್ತು ನಡೆದು, ತನಗೆ ಬೇಕಾದಲ್ಲಿ ಅದನ್ನು ಕೆಡವಬಹುದು. ಇನ್ನೊಬ್ಬ ಎತ್ತುವವರೆಗೆ ಅದು ಅಲ್ಲೇ. ಹೀಗಾಗಿ ಕಲ್ಲು ಒಂದು ವರ್ಷ ಹಿಟ್ಟಿನ ಗಿರಣಿಯ ಮುಂದೆ, ಇನ್ನೊಂದು ವರ್ಷ ಬಸ್ಸು ನಿಲ್ಲುವಲ್ಲಿ. ಹುಸೇನಪೀರನ ಶಿಷ್ಯ ಚಂದಪ್ಪ ಅದನ್ನು ಬೋರವ್ವನ ಅಂಗಳದಲ್ಲಿ ಕೆಡವಿದಾಗ, ಅವಳು ಎಂಟು ತಿಂಗಳು ಅದರ ಸುತ್ತಲೇ ರಂಗೋಲಿ ಹಾಕಿದಳು.

೧೯೭೮ರಲ್ಲಿ ಪಂಚಾಯ್ತಿ ಚೇರ್ಮನ್ ಕನಕಪ್ಪನಿಗೆ ಹಳೆಯ ಆಟಗಳನ್ನು ಉಳಿಸುವ ಉಮೇದು ಬಂತು. ಬಾದಾಮಿಯ ಗುಹೆಗಳಿಗೆ ಹಾಕಿದ ತಂತಿಬೇಲಿ, ಬೋರ್ಡು ನೋಡಿ ಬಂದಿದ್ದ. ಹುಸೇನಪೀರ ಇಳಕಲ್ಲಿಗೆ ಹೋದಾಗ ಗರಡಿಯ ಮುಂದೆ ಕಟ್ಟೆ ಕಟ್ಟಿಸಿ, ಟ್ರ್ಯಾಕ್ಟರಿನಿಂದ ಕಲ್ಲೆಳೆಸಿ, ಸಿಮೆಂಟು ಬಿಗಿಸಿ, ‘ಮುಟ್ಟಬಾರದು’ ಎಂದು ಬರೆಸಿದ.

ಹುಸೇನಪೀರ ಬಂದು ನೋಡಿದ. “ಏನ್ರಿ ಚೇರಮನ್ನರ, ಕಲ್ಲಿಗೆ ಗೋರಿ ಕಟ್ಟೀರಲ್ಲ!”

“ಗೋರಿ ಅಲ್ರಿ ಉಸ್ತಾದರ, ಸ್ಮಾರಕ! ನಿಮ್ಮ ಆಟ ಇನ್ನ ಸಾವಿರ ವರ್ಷ ಉಳೀತೈತಿ.”

“ಕಲ್ಲು ತಾನ ಉಳೀತೈತ್ರಿ, ಅದಕ್ಯಾರೂ ಕಲಸೂದು ಬ್ಯಾಡ. ಎತ್ತಾವ್ರು ಉಳೀಬೇಕು. ಇದನ್ನ ಇಲ್ಲಿ ಇಟ್ಟಾವ ಯಾರು?”

“ಟ್ರ್ಯಾಕ್ಟರ್.”

“ಟ್ರ್ಯಾಕ್ಟರ್ ನಮ್ಮ ಗರಡ್ಯಾಗ ಒಂದ ದಿನಾನೂ ಬೈಠಕ್ ಹೊಡದಿಲ್ಲ. ಅದಕ್ಕ ಎಲ್ಲಿ ಹಕ್ಕು?”

ಜನ ನಕ್ಕರು. ಕನಕಪ್ಪನಿಗೆ ರೇಗಿತು. “ಹಂಗಾರ ಎತ್ತಿಕೊಂಡು ಹೋಗ್ರಿ. ಹಾರಿ-ಗುದ್ದಲಿ ಹಚ್ಚಬಾರದು, ಒಬ್ಬನ ಎತ್ತಬೇಕು. ನಾಳೆ ಸಂಜೀತನಕ ಆಗಲಿಲ್ಲಂದ್ರ ಕಲ್ಲು ಕಡೀತನಕ ಅಲ್ಲೇ!”

ಮರುದಿನ ಶಿಷ್ಯರು ಒಬ್ಬೊಬ್ಬರಾಗಿ ಸೋತರು. ಚಂದಪ್ಪನ ಚಡ್ಡಿ ಹರಿಯಿತು, ಕಲ್ಲು ಅಲುಗಲಿಲ್ಲ. ಹೊತ್ತು ಇಳಿಯುತ್ತಿತ್ತು. ಐವತ್ತೆಂಟರ ಹುಸೇನಪೀರ ಅಂಗಿ ಬಿಚ್ಚಿದ.

“ನಡಾ ಮುರಕೊಂಡ್ರ ಅದಕ್ಕ ನಾಲು ಬಡಿಯಾವ್ರು ಈ ಊರಾಗ ಯಾರೂ ಇಲ್ಲ, ನೋಡ್ರಿ,” ಎಂದಳು ಹೆಂಡತಿ ರಂಜಾನಬಿ.

ಅವನು ಅಂಗೈಗೆ ಮಣ್ಣು ಹಚ್ಚಿ ಕಲ್ಲನ್ನು ಅಪ್ಪಿದ. ಅವನ ಹೂಂಕಾರಕ್ಕೆ ಕೂಡಲಸಂಗಮದಲ್ಲಿ ಎರಡು ಹೊಳೆಗಳು ಒಂದು ಗಳಿಗೆ ಕೂಡುವುದನ್ನೇ ಮರೆತು ನಿಂತವು. ಗುತ್ತಿಗೆದಾರ ಮರಳಿಗೆ ಸಿಮೆಂಟಿನ ವಾಸನೆ ಮಾತ್ರ ತೋರಿಸಿದ್ದನೋ ಏನೋ, ಕಟ್ಟೆ ಬಿರಿಯಿತು. ಕಲ್ಲು ತೊಡೆಗೆ, ಎದೆಗೆ, ಹೆಗಲಿಗೆ ಬಂತು. ಅವನು ಅರವತ್ತು ಹೆಜ್ಜೆ ನಡೆದ. ರಂಜಾನಬಿಯ ಲೆಕ್ಕದಲ್ಲಿ ಅದು ಮೂರು ಮೈಲಿ. ಕೆಡವಿದ್ದು ಚೇರ್ಮನ್ನನ ಮನೆಯ ಹೊಸ್ತಿಲ ಮುಂದೆ.

ಕನಕಪ್ಪನ ಹೆಂಡತಿ ರೇಣವ್ವ ಓಡಿಬಂದಳು. “ಅಯ್ಯ ಕಾಕಾ, ನಾವು ಹೆಂಗ ಅಡ್ಡಾಡೂದ್ರಿ?”

“ನಿನ್ನ ಗಂಡನ್ನ ಮುಂಜಾನೆ ಗರಡಿಗಿ ಕಳಸವ್ವಾ.”

ಕನಕಪ್ಪ ಟ್ರ್ಯಾಕ್ಟರಿನ ಮಾತೆತ್ತಿದ. “ಅದು ಬಂದ್ರ ನಾ ತೌರಮನಿಗೆ ಹೋಗ್ತೇನಿ. ಮಂದಿ ಮುಂದ ನಗಿಗೇಡು!” ಎಂದಳು ರೇಣವ್ವ.

ಮನೆಮಂದಿ ಹಿತ್ತಲ ಬಾಗಿಲಿಂದ ಓಡಾಡಿದರು. ಚೇರ್ಮನ್ ಬೈಠಕ್ ಹೊಡೆದ. ಮೊದಲ ತಿಂಗಳು ಕೂತವನನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಅವನನ್ನು ನೋಡಿ ನಗಲು ಬಂದ ಹುಡುಗರು, ನಕ್ಕು ಸುಸ್ತಾಗಿ, ತಾವೂ ಲಂಗೋಟಿ ಕಟ್ಟಿದರು. ಗರಡಿಯಲ್ಲಿ ನಿಲ್ಲಲು ಜಾಗವಿಲ್ಲದಾಯಿತು.

ಎರಡನೆಯ ವರ್ಷ, ಒಂದು ಮುಂಜಾನೆ, ಕಲ್ಲು ಕನಕಪ್ಪನ ಹೆಗಲಿಗೇರಿತು.

“ಎಲ್ಲಿ ಕೆಡವಲ್ರಿ ಉಸ್ತಾದರ? ಲಗೂನ ಹೇಳ್ರಿ!”

“ಹಕ್ಕು ನಿಮ್ಮದು. ನಾ ಯಾಕ ಹೇಳ್ಲಿ?”

ಕನಕಪ್ಪ ತೂರಾಡುತ್ತ ಓಣಿಯಲ್ಲಿ ಹೊರಟ. ಮುಂದೆ ಮುಂದೆ ಬಾಗಿಲುಗಳು ತೆರೆದವು. “ನಮ್ಮ ಮನಿ ಮುಂದ ಬ್ಯಾಡ್ರಿ ಚೇರಮನ್ನರ, ನಿಮ್ಮ ಕಾಲ ಬೀಳ್ತೇವಿ!” ಎಂದು ಊರೆಲ್ಲ ಕೂಗುತ್ತಿತ್ತು.